ಮಧ್ಯಾಹ್ನಕ್ಕೆ ಕುಸಿಯುತ್ತಿದ್ದ ಲಿನಕ್ಸ್ ಯಂತ್ರ: ಕಲಬುರಗಿಯ ಒಂದು ದುರಸ್ತಿ ದಾಖಲೆ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ರಸ್ತೆಯಲ್ಲಿ, ಕಪನೂರ ಕೈಗಾರಿಕಾ ಪ್ರದೇಶಕ್ಕೆ ಸ್ವಲ್ಪ ಈಚೆಗೆ, ಪರಿಚಯದವರೊಬ್ಬರು ಡಿಟಿಪಿ ಮತ್ತು ಸ್ಕ್ಯಾನಿಂಗ್ ಅಂಗಡಿ ನಡೆಸುತ್ತಾರೆ. ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶದ ಮೂಲಕ ಹಾಯಿಸಿ, ಪದ ಹುಡುಕಲು ಬರುವ ಪಿಡಿಎಫ್ ಮಾಡಿಕೊಡುವುದು ಅಲ್ಲಿನ ಮುಖ್ಯ ಕೆಲಸ. ಇದಕ್ಕೆಲ್ಲ ಇರುವುದು ಒಂದೇ ಯಂತ್ರ: 2013ರಲ್ಲಿ ಬಂದ ಹ್ಯಾಸ್ವೆಲ್ ಪೀಳಿಗೆಯ ಇಂಟೆಲ್ ಕೋರ್ ಐ5-4570 ಪ್ರೊಸೆಸರ್, 8 ಜಿಬಿ ರ‍್ಯಾಮ್, ವ್ಯವಸ್ಥೆಗೆಂದು ಚಿಕ್ಕ ಎಸ್‌ಎಸ್‌ಡಿ, ಚಿತ್ರಗಳಿಗೆಂದು ನಿಮಿಷಕ್ಕೆ 7200 ಸುತ್ತಿನ 2 ಟಿಬಿ ಹಾರ್ಡ್ ಡಿಸ್ಕ್, ಮೇಲೆ ಡೆಬಿಯನ್ 12 ಎಂಬ ಲಿನಕ್ಸ್ ವ್ಯವಸ್ಥೆ. ಪಕ್ಕದ ಎರಡು ಕಂಪ್ಯೂಟರುಗಳು ಕಡತ ಹಂಚುವ ಸಾಂಬಾ ತಂತ್ರಾಂಶದ ಮೂಲಕ ಇದೇ ಡಿಸ್ಕಿನ ಕಡತಗಳನ್ನು ತೆರೆಯುತ್ತವೆ.

"ಮಧ್ಯಾಹ್ನ ಆತಂದ್ರ ಮಷೀನ್ ಕುಂತೇ ಬಿಡ್ತದ್ರಿ" ಎಂಬುದು ಮಾಲೀಕರ ದೂರು. ಕೇಳುತ್ತಾ ಹೋದಂತೆ ಅದು ಒಂದೇ ದೂರಲ್ಲ, ಎರಡು ದೂರುಗಳು ಸೇರಿದ್ದು ಎಂದು ತಿಳಿಯಿತು. ಬೆಳಿಗ್ಗೆ ಬೇಗ ಮುಗಿಯುವ ಪುಸ್ತಕ ಮಧ್ಯಾಹ್ನ ಬಹಳ ಹೊತ್ತು ಹಿಡಿಯುತ್ತದೆ ಎಂಬುದು ಒಂದು. ಆಗಾಗ ಪಕ್ಕದ ಕಂಪ್ಯೂಟರಿನಲ್ಲಿ ಫೋಲ್ಡರ್ ತೆರೆದರೆ ಅರ್ಧ ನಿಮಿಷ ಏನೂ ಕಾಣದೆ, ಆಮೇಲೆ ಒಮ್ಮೆಲೇ ಎಲ್ಲವೂ ಬರುತ್ತದೆ ಎಂಬುದು ಇನ್ನೊಂದು. ನಿಧಾನವಾಗುವುದಕ್ಕೂ ನಿಂತು ಹೊರಡುವುದಕ್ಕೂ ಕಾರಣಗಳು ಸಾಮಾನ್ಯವಾಗಿ ಬೇರೆ ಬೇರೆ ಇರುತ್ತವೆ. ಆದ್ದರಿಂದ ಮೊದಲಿನಿಂದಲೇ ಇವೆರಡನ್ನೂ ಪ್ರತ್ಯೇಕವಾಗಿ ಬರೆದಿಟ್ಟುಕೊಂಡೆ. ಅಷ್ಟರೊಳಗೆ ಅವರಿಗೆ ರ‍್ಯಾಮ್ ಹೆಚ್ಚಿಸಿ, ವ್ಯವಸ್ಥೆಯನ್ನು ಮರುಸ್ಥಾಪಿಸಿ, ಹೊಸ ಯಂತ್ರವನ್ನೇ ಕೊಳ್ಳಿ ಎಂಬ ಮೂರು ಸಲಹೆಗಳು ಮೂರು ಕಡೆಯಿಂದ ಬಂದಿದ್ದವು. ಅವುಗಳಲ್ಲಿ ಒಂದೂ ಅಳತೆಯ ಮೇಲೆ ನಿಂತಿರಲಿಲ್ಲ.

ಯಂತ್ರವನ್ನು ಆರಿಸಿ ಹಚ್ಚುವುದನ್ನೂ ಕ್ಯಾಬಿನೆಟ್ ಬಿಚ್ಚುವುದನ್ನೂ ಮುಂದಕ್ಕೆ ಹಾಕಿ, ಅದು ತೊಂದರೆಯಲ್ಲಿರುವಾಗಲೇ ಅದರ ಮುಂದೆ ಕುಳಿತೆ. ವ್ಯವಸ್ಥೆಯ ತಿರುಳಾದ ಕರ್ನಲ್ ತನ್ನ ಸಂದೇಶಗಳನ್ನು ಇಡುವ ಸ್ಮೃತಿ ಮರುಚಾಲನೆಯಲ್ಲಿ ಖಾಲಿಯಾಗುತ್ತದೆ. ಬಿಚ್ಚಿ ಜೋಡಿಸಿದ ಕೇಬಲ್ಲು ತಾತ್ಕಾಲಿಕವಾಗಿ ಸರಿಯಾಗಿ ಕೂತು ದೋಷವನ್ನು ಮರೆಮಾಡುತ್ತದೆ. ಆ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಆಜ್ಞೆಯ ಪೂರ್ತಿ ಉತ್ತರವನ್ನು ಸಮಯದ ಮುದ್ರೆಯೊಡನೆ ಒಂದು ಪೆನ್‌ಡ್ರೈವಿಗೆ ಉಳಿಸಿದ ಮೇಲೆಯೇ ಮುಂದಿನ ಕೆಲಸ ಆರಂಭಿಸಿದೆ.

ಅಪ್‌ಟೈಮ್ ಆಜ್ಞೆ ತೋರಿಸಿದ ಲೋಡ್ ಸರಾಸರಿ, ಅಂದರೆ ಓಡುತ್ತಿರುವ ಇಲ್ಲವೇ ಕಾಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆ, 18ರ ಹತ್ತಿರವಿತ್ತು. ನಾಲ್ಕು ಕೋರುಗಳ ಯಂತ್ರದಲ್ಲಿ ಇದು ದೊಡ್ಡ ಸಂಖ್ಯೆ, ಆದರೆ ಇದೊಂದರಿಂದಲೇ ಪ್ರೊಸೆಸರ್ ಸಾಲದು ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಲಿನಕ್ಸಿನಲ್ಲಿ 1993ರಿಂದ ಈ ಸರಾಸರಿಯೊಳಗೆ ಪ್ರೊಸೆಸರಿಗಾಗಿ ಕಾಯುವ ಪ್ರಕ್ರಿಯೆಗಳ ಜೊತೆಗೆ, ಪಿಎಸ್ ಆಜ್ಞೆಯಲ್ಲಿ ಡಿ ಎಂಬ ಅಕ್ಷರದಿಂದ ಗುರುತಾಗುವ, ಎಬ್ಬಿಸಲು ಬಾರದ ನಿದ್ರೆಯಲ್ಲಿರುವ ಪ್ರಕ್ರಿಯೆಗಳೂ ಸೇರುತ್ತವೆ. ಅವು ಬಹುಪಾಲು ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತಿರುತ್ತವೆ. ಯಾವುದು ಎಷ್ಟು ಎಂದು ತಿಳಿಯಲು ವಿಎಂಸ್ಟಾಟ್ ಆಜ್ಞೆಯನ್ನು ಸೆಕೆಂಡಿಗೊಮ್ಮೆ ಓಡಿಸಿ ಆರ್ ಮತ್ತು ಬಿ ಎಂಬ ಮೊದಲ ಎರಡು ಅಂಕಣಗಳನ್ನು ನೋಡಿದೆ. ಆರ್ ಅಂಕಣದಲ್ಲಿ 16ರ ಆಸುಪಾಸಿನ ಸಂಖ್ಯೆ, ಬಿ ಅಂಕಣದಲ್ಲಿ ಒಂದೋ ಎರಡೋ. ಪುಸ್ತಕದ ಪುಟಗಳನ್ನು ಸಾಲಾಗಿ ಕಳಿಸುವ ಅಂಗಡಿಯ ಸ್ಕ್ರಿಪ್ಟು ಒಂದು ಬಾರಿಗೆ ನಾಲ್ಕು ಪುಟಗಳನ್ನಷ್ಟೇ ಟೆಸರಾಕ್ಟಿಗೆ ಕೊಡುತ್ತಿತ್ತು. ಹಾಗಿದ್ದ ಮೇಲೆ ಸರದಿಯಲ್ಲಿ ಹದಿನಾರು ಏಕೆ ಎಂಬ ಪ್ರಶ್ನೆಯನ್ನು ಅಂಚಿನಲ್ಲಿ ಬರೆದುಕೊಂಡೆ.

ರ‍್ಯಾಮಿನ ವಿಷಯ ಬೇಗ ಮುಗಿಯಿತು. ಫ್ರೀ ಆಜ್ಞೆಯಲ್ಲಿ ಖಾಲಿ ಇರುವ ಸ್ಮೃತಿ ಬಹಳ ಕಡಿಮೆ ಕಾಣುತ್ತಿತ್ತು. ರ‍್ಯಾಮ್ ಹೆಚ್ಚಿಸಲು ಹೇಳಿದವರು ಬಹುಶಃ ಅದನ್ನೇ ನೋಡಿರಬೇಕು. ಕರ್ನಲ್ ಉಳಿದ ಸ್ಮೃತಿಯನ್ನೆಲ್ಲ ಕಡತಗಳ ಸಂಗ್ರಹಕ್ಕೆ ಬಳಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು ಅವೈಲಬಲ್ ಎಂಬ ಕೊನೆಯ ಅಂಕಣವನ್ನು, ಅಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ವಿಎಂಸ್ಟಾಟಿನ ಎಸ್‌ಐ ಮತ್ತು ಎಸ್‌ಒ ಅಂಕಣಗಳು, ಅಂದರೆ ಸ್ವಾಪಿನಿಂದ (ರ‍್ಯಾಮ್ ಸಾಲದಾದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಒಳಗೆ ಬರುವ ಮತ್ತು ಅಲ್ಲಿಗೆ ಹೊರಗೆ ಹೋಗುವ ಸ್ಮೃತಿಯ ತುಣುಕುಗಳು, ಉದ್ದಕ್ಕೂ ಸೊನ್ನೆ. ಸ್ವಾಪ್ ಮುಟ್ಟದ ಯಂತ್ರಕ್ಕೆ ರ‍್ಯಾಮ್ ಸೇರಿಸುವುದರಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ.

ಡಿಸ್ಕು ಅಡಗಿಕೊಂಡಿದ್ದ ರೀತಿ

ಟಾಪ್ ಆಜ್ಞೆಯಲ್ಲಿ ಡಬ್ಲ್ಯೂಎ ಎಂಬ ಅಂಕಿ ಡಿಸ್ಕಿಗಾಗಿ ಕಾದ ಕಾಲವನ್ನು ಹೇಳುತ್ತದೆ ಎಂದು ಎಲ್ಲರೂ ಕಲಿತಿರುತ್ತಾರೆ. ಈ ಯಂತ್ರದಲ್ಲಿ ಅದು ಸೊನ್ನೆಗೆ ಅಂಟಿಕೊಂಡಿತ್ತು, ಆದರೂ ಫೋಲ್ಡರುಗಳು ತೆರೆಯುತ್ತಿರಲಿಲ್ಲ. ಆ ಅಂಕಿಯ ಲೆಕ್ಕ ನಡೆಯುವುದೇ ಹಾಗೆ: ಕೋರ್ ಖಾಲಿ ಕುಳಿತಿರಬೇಕು, ಅದೇ ಹೊತ್ತಿಗೆ ಅಲ್ಲಿಂದ ಹೊರಟ ಯಾವುದೋ ಡಿಸ್ಕ್ ಬೇಡಿಕೆ ಬಾಕಿ ಇರಬೇಕು, ಆಗ ಮಾತ್ರ ಆ ಕಾಲ ಡಬ್ಲ್ಯೂಎ ಖಾತೆಗೆ ಬೀಳುತ್ತದೆ. ನಾಲ್ಕೂ ಕೋರುಗಳನ್ನು ಅಕ್ಷರ ಗುರುತಿಸುವ ಕೆಲಸ ತುಂಬಿಕೊಂಡಿದ್ದಾಗ ಖಾಲಿ ಕೂರುವ ಕೋರೇ ಇರುವುದಿಲ್ಲವಾದ್ದರಿಂದ, ಡಿಸ್ಕು ಎಷ್ಟೇ ನರಳುತ್ತಿದ್ದರೂ ಅದು ಆ ಅಂಕಿಯಲ್ಲಿ ಕಾಣುವುದಿಲ್ಲ. ಟೆಸರಾಕ್ಟನ್ನು ನಿಲ್ಲಿಸಿ, ಒಂದು ದೊಡ್ಡ ಫೋಲ್ಡರನ್ನು ಮಾತ್ರ ನಕಲು ಮಾಡಲು ಹಚ್ಚಿದಾಗ ಡಬ್ಲ್ಯೂಎ ನೇರವಾಗಿ 25ಕ್ಕೆ ಏರಿತು. ನಾಲ್ಕು ಕೋರುಗಳಲ್ಲಿ ಒಂದೇ ಪ್ರಕ್ರಿಯೆ ಸದಾ ಕಾಯುತ್ತಿದ್ದರೆ ಬರುವ ಅಂಕಿ ಅದೇ.

ಇಂಥ ಮರೆಮಾಚುವಿಕೆಯಿಂದ ತಪ್ಪಿಸಿಕೊಳ್ಳಲು ಪಿಎಸ್‌ಐ ಎಂಬ ಅಳತೆಯನ್ನು ನೋಡುವುದು ಮೇಲು. ಇದು ಕರ್ನಲ್ 4.20ರಿಂದ ಬಂದಿದೆ, ಪ್ರೋಕ್ ಕೋಶದ ಕೆಳಗೆ ಪ್ರೆಷರ್ ಎಂಬ ಹೆಸರಿನಲ್ಲಿ ಸಿಪಿಯು, ಮೆಮೊರಿ, ಐಒ ಎಂಬ ಮೂರು ಕಡತಗಳಿರುತ್ತವೆ. ಹತ್ತು, ಅರವತ್ತು ಮತ್ತು ಮುನ್ನೂರು ಸೆಕೆಂಡುಗಳ ಅವಧಿಯಲ್ಲಿ ಕೆಲಸಗಳು ನೂರಕ್ಕೆ ಎಷ್ಟು ಕಾಲ ಯಾವ ಸಂಪನ್ಮೂಲಕ್ಕಾಗಿ ನಿಂತಿದ್ದವು ಎಂಬುದನ್ನು ಅವು ಹೇಳುತ್ತವೆ. ಕೆಲವು ವಿತರಣೆಗಳಲ್ಲಿ ಬೂಟ್ ಸಾಲಿಗೆ ಪಿಎಸ್‌ಐ ಸಮ ಒಂದು ಎಂದು ಸೇರಿಸಿದರೆ ಮಾತ್ರ ಈ ಕಡತಗಳು ಕಾಣುತ್ತವೆ. ಇಲ್ಲಿ ಅವು ಇದ್ದವು. ಸಿಪಿಯು ಮತ್ತು ಐಒ ಎರಡರಲ್ಲೂ ಒತ್ತಡವಿತ್ತು, ಮೆಮೊರಿಯಲ್ಲಿ ಇರಲಿಲ್ಲ. ಲೋಡ್ ಸರಾಸರಿ ಒಂದೇ ಸಂಖ್ಯೆಯಲ್ಲಿ ಕಲಸಿ ಕೊಡುವುದನ್ನು ಈ ಮೂರು ಕಡತಗಳು ಬೇರ್ಪಡಿಸಿ ಕೊಡುತ್ತವೆ. ಇಷ್ಟು ವರ್ಷಗಳಾದ ಮೇಲೂ ಹೆಚ್ಚಿನವರು ಇವುಗಳನ್ನು ತೆರೆದು ನೋಡದಿರುವುದು ನನಗೆ ಆಶ್ಚರ್ಯದ ಸಂಗತಿ.

ಐಒಸ್ಟಾಟ್ ಆಜ್ಞೆಯ ವಿಸ್ತೃತ ರೂಪದಲ್ಲಿ ಎಸ್‌ಎಸ್‌ಡಿ ನೆಮ್ಮದಿಯಾಗಿತ್ತು. ಹಾರ್ಡ್ ಡಿಸ್ಕಿನ ಸಾಲಿನಲ್ಲಿ, ಓದುವ ಬೇಡಿಕೆಗಳು ಸರಾಸರಿ ಕಾಯುವ ಕಾಲ ಹೆಚ್ಚಿನ ಹೊತ್ತು ಹತ್ತು ಹದಿನೈದು ಮಿಲಿಸೆಕೆಂಡು, ಆದರೆ ನಡುನಡುವೆ ಹಲವು ಸಾವಿರ ಮಿಲಿಸೆಕೆಂಡು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೆ ಅರ್ಧ ಸುತ್ತಿಗೆ ಬೇಕಾಗುವುದು 4.17 ಮಿಲಿಸೆಕೆಂಡು, ಅದಕ್ಕೆ ತಲೆ ಚಲಿಸುವ ಕಾಲ ಸೇರಿಸಿದರೆ ಹತ್ತರಿಂದ ಹದಿನೈದು ಸಹಜ. ಸಾವಿರಗಳು ಸಹಜವಲ್ಲ. ಇದು ಡಿಸ್ಕಿಗೆ ಕೆಲಸ ಹೆಚ್ಚಾದ ಲಕ್ಷಣವೂ ಅಲ್ಲ, ಏಕೆಂದರೆ ಕೆಲಸ ಹೆಚ್ಚಾದರೆ ಕಾಯುವ ಕಾಲ ಒಟ್ಟಾರೆ ಏರುತ್ತದೆಯೇ ಹೊರತು ಹೀಗೆ ನಡುನಡುವೆ ಜಿಗಿಯುವುದಿಲ್ಲ.

ಉಳಿಸಿಟ್ಟುಕೊಂಡಿದ್ದ ಕರ್ನಲ್ ಸಂದೇಶಗಳಲ್ಲಿ ಉತ್ತರವಿತ್ತು. ಎಟಿಎ3 ಎಂಬ ಹೆಸರಿನ ಕೊಂಡಿಯಲ್ಲಿ ರೀಡ್ ಎಫ್‌ಪಿಡಿಎಂಎ ಕ್ಯೂಡ್ ಆಜ್ಞೆ ವಿಫಲವಾಯಿತು ಎಂದು ಒಂದು ಸಾಲು, ಅದರ ಕೆಳಗೆ ಹಾರ್ಡ್ ರೀಸೆಟಿಂಗ್ ಲಿಂಕ್ ಎಂದು ಇನ್ನೊಂದು, ಆಮೇಲೆ ಸಾಟಾ ಕೊಂಡಿಯ ವೇಗವನ್ನು 1.5 ಗಿಗಾಬಿಟ್‌ಗೆ ಇಳಿಸಲಾಗುತ್ತಿದೆ ಎಂದು ಮತ್ತೊಂದು. ಇಂಥ ಸಂದೇಶ ಕಂಡ ಕೂಡಲೇ ಡಿಸ್ಕು ಸತ್ತಿತು ಎಂದು ಹೊಸದನ್ನು ತರುವುದು ರೂಢಿ. ಆದರೆ ಅದೇ ಸಂದೇಶದ ಕೊನೆಯಲ್ಲಿ, ಬಾಗು ಆವರಣದೊಳಗೆ ಬರುವ ಚಿಕ್ಕ ಪದಗಳನ್ನು ಓದಬೇಕು. ಅಲ್ಲಿ ಯುಎನ್‌ಸಿ ಎಂದಿದ್ದರೆ ತಟ್ಟೆಯ ಮೇಲಿನ ಅಕ್ಷರವನ್ನೇ ಡಿಸ್ಕಿಗೆ ಓದಲಾಗಲಿಲ್ಲ ಎಂದರ್ಥ. ಇಲ್ಲಿದ್ದುದು ಐಸಿಆರ್‌ಸಿ, ಎಬಿಆರ್‌ಟಿ ಎಂದು. ಅಂದರೆ ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯಲ್ಲಿ ದತ್ತಾಂಶ ಕೆಟ್ಟು, ತಾಳೆ ಸಂಖ್ಯೆ ಹೊಂದದೆ, ಆಜ್ಞೆ ರದ್ದಾಗಿದೆ. ಕೆಲವು ಘಟನೆಗಳಲ್ಲಿ ಆಜ್ಞೆಗೆ ಉತ್ತರವೇ ಬಾರದೆ ಅವಧಿ ಮೀರಿತ್ತು. ಲಿನಕ್ಸಿನಲ್ಲಿ ಇಂಥ ಆಜ್ಞೆಗಳಿಗೆ ಕೊಡುವ ಅವಧಿ ರೂಢಿಯಂತೆ 30 ಸೆಕೆಂಡು. ಮಾಲೀಕರು ಹೇಳಿದ ಅರ್ಧ ನಿಮಿಷ ಅಂದಾಜಿನ ಮಾತಾಗಿರದೆ ನಿಖರವಾದ ಅಳತೆಯೇ ಆಗಿತ್ತು.

ಸ್ಮಾರ್ಟ್‌ಸಿಟಿಎಲ್ ಆಜ್ಞೆಯಿಂದ ಡಿಸ್ಕಿನ ಸ್ವಂತ ದಾಖಲೆಯನ್ನು ತೆಗೆದೆ. 5ನೆಯ ಸಾಲು, ಅಂದರೆ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳು, ಸೊನ್ನೆ. 197 ಮತ್ತು 198, ಅಂದರೆ ಓದಲಾಗದೆ ಬಾಕಿ ಉಳಿದವು ಮತ್ತು ಸರಿಪಡಿಸಲಾಗದವು, ಸೊನ್ನೆ. 199ನೆಯದು, ಅಂದರೆ ಕೊಂಡಿಯ ತಾಳೆ ದೋಷಗಳ ಎಣಿಕೆ, ನಾಲ್ಕಂಕಿಯಲ್ಲಿತ್ತು. ವಿದ್ಯುತ್ ಸರಬರಾಜಿನ ಕಡೆಯಿಂದ ಡಿಸ್ಕು ನಡುವೆ ಆರಿ ಹತ್ತುತ್ತಿದೆಯೇ ಎಂಬ ಅನುಮಾನವನ್ನೂ ಇಲ್ಲೇ ಪರಿಹರಿಸಿಕೊಳ್ಳಬಹುದು: ಹಾಗಾಗುತ್ತಿದ್ದರೆ 12ನೆಯ ಸಾಲಿನ ಚಾಲನೆಗಳ ಎಣಿಕೆ ಮತ್ತು 192ನೆಯ ಸಾಲಿನ ಅನಿರೀಕ್ಷಿತ ನಿಲುಗಡೆಗಳ ಎಣಿಕೆ ಯಂತ್ರ ನಡೆಯುತ್ತಿರುವಾಗಲೇ ಏರುತ್ತವೆ. ಅವು ಅಲುಗಾಡಲಿಲ್ಲ, 199 ಮಾತ್ರ ಏರುತ್ತಿತ್ತು.

ಡಿಸ್ಕಿನ ದೀರ್ಘ ಸ್ವಯಂ ಪರೀಕ್ಷೆಯನ್ನು ಹಿಂದೆ ಯಾರೋ ಓಡಿಸಿ, ಅದು ತೇರ್ಗಡೆಯಾಯಿತೆಂದು ಡಿಸ್ಕಿಗೂ ಕೇಬಲ್ಲಿಗೂ ಒಟ್ಟಿಗೆ ಅಭಯ ಕೊಟ್ಟಿದ್ದರು. ಆ ಪರೀಕ್ಷೆಯಲ್ಲಿ ಡಿಸ್ಕು ತನ್ನ ತಟ್ಟೆಯನ್ನು ತಾನೇ ಓದಿಕೊಳ್ಳುತ್ತದೆ. ಓದಿದ ದತ್ತಾಂಶ ಕೇಬಲ್ಲನ್ನು ದಾಟುವುದೇ ಇಲ್ಲ. ಆದ್ದರಿಂದ ಆ ಫಲಿತಾಂಶ ಡಿಸ್ಕು ಒಳ್ಳೆಯದು ಎಂಬುದಕ್ಕೆ ಒಳ್ಳೆಯ ಸಾಕ್ಷಿ, ಕೇಬಲ್ಲಿನ ಬಗ್ಗೆ ಸಾಕ್ಷಿಯೇ ಅಲ್ಲ.

ಕ್ಯಾಬಿನೆಟ್ ತೆರೆದಾಗ ಕಂಡ ಕೇಬಲ್ಲು ತುದಿಯಲ್ಲಿ ಲೋಹದ ಕೊಕ್ಕೆಯಿಲ್ಲದ ಹಳೆಯ ಬಗೆಯದು. ಅದನ್ನು ಡಿಸ್ಕಿನ ಬಾಯಿಯ ಹತ್ತಿರವೇ ಚೂಪಾಗಿ ಮಡಚಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು, ವಿದ್ಯುತ್ ತಂತಿಗಳ ಜೊತೆ ಕಟ್ಟಲಾಗಿತ್ತು. ಕಣ್ಣಿಗೆ ಅಂದವಾದ ಕಟ್ಟು. ಆದರೆ ಆ ಎಳೆತಕ್ಕೆ ತುದಿ ಒಂದು ಮಗ್ಗುಲಿಗೆ ವಾಲಿ ಕೂತಿತ್ತು. ಇಲ್ಲಿ ಕೇಬಲ್ಲನ್ನೂ ಪೋರ್ಟನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತೆಂದು ತಿಳಿಯುವುದಿಲ್ಲ. ಪೋರ್ಟ್ ಹಾಗೆಯೇ ಇಟ್ಟು, ಕೊಕ್ಕೆಯಿರುವ ಗಿಡ್ಡ ಕೇಬಲ್ಲೊಂದನ್ನು ಮಾತ್ರ ಹಾಕಿ, ಡಿಸ್ಕನ್ನು ಆದಿಯಿಂದ ಅಂತ್ಯದವರೆಗೆ ಡಿಡಿ ಆಜ್ಞೆಯಿಂದ ಓದಿಸಿದೆ. 199ನೆಯ ಎಣಿಕೆ ಇದ್ದಲ್ಲೇ ನಿಂತಿತು. ಈ ಎಣಿಕೆ ಎಂದೂ ಕೆಳಗಿಳಿಯುವುದಿಲ್ಲ. ಆದ್ದರಿಂದ ನಾಲ್ಕಂಕಿ ಕಂಡು ಗಾಬರಿಯಾಗದೆ, ದುರಸ್ತಿಯ ದಿನದ ಸಂಖ್ಯೆಯನ್ನು ಬರೆದಿಟ್ಟು ಮುಂದೆ ಅದು ಏರಿತೇ ಎಂದು ನೋಡಬೇಕು.

ಕೊಂಡಿ ಮತ್ತೆ 6 ಗಿಗಾಬಿಟ್ ವೇಗಕ್ಕೆ ಬಂದಿತು. ಆದರೆ ವೇಗ ಇಳಿದದ್ದೇ ಮುಖ್ಯ ತೊಂದರೆಯಾಗಿತ್ತು ಎಂದು ನನಗನ್ನಿಸುವುದಿಲ್ಲ. 1.5 ಗಿಗಾಬಿಟ್ ಕೊಂಡಿಯಲ್ಲೂ ಸೆಕೆಂಡಿಗೆ 150 ಮೆಗಾಬೈಟ್‌ವರೆಗೆ ಸಾಗಲು ದಾರಿಯಿದೆ. ಇಂಥ ಹಾರ್ಡ್ ಡಿಸ್ಕು ಅದಕ್ಕಿಂತ ಬಹಳ ಮುಂದೇನೂ ಓಡುವುದಿಲ್ಲ. ಜನರ ಕೆಲಸ ಕೆಡಿಸಿದ್ದು ಕೊಂಡಿಯನ್ನು ಮತ್ತೆ ಮತ್ತೆ ಮರುಹೊಂದಿಸಲು ತಗುಲುತ್ತಿದ್ದ ಕಾಲ, ಏಕೆಂದರೆ ಆಗ ಸರದಿಯಲ್ಲಿದ್ದ ಎಲ್ಲ ಬೇಡಿಕೆಗಳೂ ಒಟ್ಟಿಗೆ ನಿಲ್ಲುತ್ತಿದ್ದವು. ಕೇಬಲ್ಲಿನ ದೋಷಕ್ಕೂ ಬಿಸಿಲಿಗೂ ನಂಟು ಹಾಕುವ ಆಸೆ ಸಹಜವಾಗಿ ಬರುತ್ತದೆ. ಸಂದೇಶಗಳ ಸಮಯ ನೋಡಿದರೆ ಅದಕ್ಕೆ ಆಧಾರವಿರಲಿಲ್ಲ. ರಾತ್ರಿ ಆರ್‌ಸಿಂಕ್ ಬ್ಯಾಕಪ್ ನಡೆಯುವಾಗಲೂ ಅಷ್ಟೇ ದೋಷಗಳು ಬಂದಿದ್ದವು, ನೋಡಲು ಯಾರೂ ಇರಲಿಲ್ಲ ಅಷ್ಟೆ. ತಾಳೆ ತಪ್ಪಿದ ದತ್ತಾಂಶವನ್ನು ಕೊಂಡಿ ಸ್ವೀಕರಿಸದೆ ಮತ್ತೆ ತರಿಸಿಕೊಳ್ಳುವುದರಿಂದ ಕಡತಗಳು ಸದ್ದಿಲ್ಲದೆ ಕೆಟ್ಟಿರುವ ಸಾಧ್ಯತೆ ಕಡಿಮೆ. ಆದರೂ ಶಾ256ಸಮ್ ಆಜ್ಞೆಯಿಂದ ಡಿಸ್ಕಿನ ಕಡತಗಳನ್ನು ಬ್ಯಾಕಪ್ಪಿನ ಜೊತೆ ಹೋಲಿಸಿ ನೋಡಿದೆವು, ವ್ಯತ್ಯಾಸ ಕಾಣಲಿಲ್ಲ.

ತೊಗರಿಯ ಧೂಳು ಮತ್ತು ನೂರು ಡಿಗ್ರಿ

ನಿಂತು ಹೊರಡುವ ದೂರು ಇಲ್ಲಿಗೆ ಮುಗಿಯಿತು. ಮಧ್ಯಾಹ್ನದ ನಿಧಾನ ಮಾತ್ರ ಹಾಗೆಯೇ ಇತ್ತು. ಕಲಬುರಗಿಯಲ್ಲಿ ಮೇ ತಿಂಗಳಿನ ಹಗಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಅಂಗಡಿಯಲ್ಲಿ ಕೂಲರ್ ಇದೆ, ಎಸಿ ಇಲ್ಲ. ಯಂತ್ರ ಶಹಾಬಾದ್ ಕಲ್ಲಿನ ನೆಲದ ಮೇಲೆ, ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು ಕೂತಿತ್ತು. ಅಕ್ಕಪಕ್ಕದಲ್ಲಿ ಬೇಳೆ ಮಿಲ್ಲುಗಳಿರುವುದರಿಂದ ತೊಗರಿಯ ಹೊಟ್ಟಿನ ನವಿರಾದ ಧೂಳು ವರ್ಷವಿಡೀ ಗಾಳಿಯಲ್ಲಿರುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ನಮ್ಮ ತೊಗರಿಬೇಳೆಯ ಬಗ್ಗೆ ನನಗೂ ಅಭಿಮಾನವಿದೆ, ಆದರೆ ಪ್ರೊಸೆಸರಿನ ಶಾಖ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಅದರ ಹೊಟ್ಟು ಏನು ಮಾಡುತ್ತದೆ ಎಂಬುದನ್ನು ಈ ಭಾಗದಲ್ಲಿ ಯಂತ್ರ ಬಿಚ್ಚುವವರೆಲ್ಲ ಬಲ್ಲರು.

ಬಿಚ್ಚುವ ಮೊದಲು ಇಲ್ಲೂ ಅಳತೆ ಬೇಕಿತ್ತು. ಟರ್ಬೋಸ್ಟಾಟ್ ಎಂಬ ಉಪಕರಣ ಡೆಬಿಯನ್ನಿನಲ್ಲಿ ಲಿನಕ್ಸ್-ಸಿಪಿಯುಪವರ್ ಎಂಬ ಪೊಟ್ಟಣದೊಳಗೆ ಬರುತ್ತದೆ. ಅದು ಪ್ರತಿ ಕೋರ್ ಕೆಲಸದಲ್ಲಿರುವಾಗ ನಿಜವಾಗಿ ಓಡುವ ವೇಗ, ಪ್ರೊಸೆಸರಿನ ತಾಪ ಮತ್ತು ಅದು ಹೀರುವ ವ್ಯಾಟುಗಳನ್ನು ಒಂದೇ ಸಾಲಿನಲ್ಲಿ ಕೊಡುತ್ತದೆ. ಪ್ರೋಕ್ ಕೋಶದ ಸಿಪಿಯುಇನ್ಫೋ ಕಡತ ತೋರಿಸುವ ಕ್ಷಣದ ವೇಗಕ್ಕಿಂತ ಈ ಅಂಕಿ ಹೆಚ್ಚು ನಂಬಿಕೆಗೆ ಯೋಗ್ಯ. ಸ್ಟ್ರೆಸ್-ಎನ್‌ಜಿ ತಂತ್ರಾಂಶದಿಂದ ನಾಲ್ಕೂ ಕೋರುಗಳಿಗೆ ಸಮನಾದ ಹೊರೆ ಕೊಟ್ಟು, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೋಡಿದೆ. ಈ ಪ್ರೊಸೆಸರಿನ ಮೂಲ ವೇಗ 3.2 ಗಿಗಾಹರ್ಟ್ಸ್, ತಾತ್ಕಾಲಿಕವಾಗಿ ವೇಗ ಏರಿಸುವ ಟರ್ಬೋದಲ್ಲಿ ಹೆಚ್ಚೆಂದರೆ 3.6. ಬೆಳಿಗ್ಗೆ ಕೋಣೆ 29 ಡಿಗ್ರಿ ಇದ್ದಾಗ ತಾಪ 88ರವರೆಗೆ ಏರಿದರೂ ವೇಗ 3.2ಕ್ಕಿಂತ ಕೆಳಗಿಳಿಯಲಿಲ್ಲ. ಮಧ್ಯಾಹ್ನ ಕೋಣೆ 40ರಲ್ಲಿದ್ದಾಗ ತಾಪ 99 ಮತ್ತು 100ರ ನಡುವೆ ನಿಂತುಬಿಟ್ಟಿತು, ವೇಗ 2.1ರಿಂದ 2.5ರವರೆಗೆ ಓಲಾಡತೊಡಗಿತು.

ಇದಕ್ಕೆ ಕಾರಣ ಸರಳವಾದ ಕೂಡಿಸುವ ಲೆಕ್ಕ. ಒಂದು ನಿರ್ದಿಷ್ಟ ಹೀಟ್‌ಸಿಂಕು ಒಂದು ನಿರ್ದಿಷ್ಟ ಹೊರೆಯಲ್ಲಿ ಪ್ರೊಸೆಸರನ್ನು ಸುತ್ತಲ ಗಾಳಿಗಿಂತ ಇಂತಿಷ್ಟು ಡಿಗ್ರಿ ಮೇಲೆ ಇಡುತ್ತದೆ. ಗಾಳಿ ಹನ್ನೊಂದು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಳಗಿನ 88ಕ್ಕೆ ಹನ್ನೊಂದು ಕೂಡಿಸಿದರೆ 99. ಈ ಪ್ರೊಸೆಸರಿಗೆ ಗೊತ್ತುಮಾಡಿದ ಗರಿಷ್ಠ ತಾಪ 100 ಡಿಗ್ರಿ. ಅದನ್ನು ಮುಟ್ಟಿದ ಕೂಡಲೇ ಅದು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಹೀಗಾಗಿ ದೋಷ ಬೇಸಿಗೆಯಲ್ಲಿ ಹುಟ್ಟಿದ್ದಲ್ಲ. ಹೀಟ್‌ಸಿಂಕು ಚಳಿಗಾಲದಲ್ಲೂ ಅಷ್ಟೇ ಕೆಟ್ಟಿತ್ತು, ಆಗ ಮೇಲಿನ ಮಿತಿಗೂ ಅದಕ್ಕೂ ನಡುವೆ ಜಾಗವಿತ್ತು ಅಷ್ಟೆ. ಬೆಂಗಳೂರಿನ ಹವೆಯಲ್ಲಿ ಇದೇ ಯಂತ್ರ ಹೀಗೇ ವರ್ಷಗಟ್ಟಲೆ ನಡೆದು, ಯಾರ ಗಮನಕ್ಕೂ ಬರುತ್ತಿರಲಿಲ್ಲ.

ವೇಗ ಇಳಿಸಿದ ಪ್ರತಿ ಸಲವೂ ಕರ್ನಲ್ ಒಂದು ಎಣಿಕೆಯನ್ನು ಏರಿಸುತ್ತದೆ. ಸಿಸ್ ಕೋಶದಲ್ಲಿ ಪ್ರತಿಯೊಂದು ಸಿಪಿಯುವಿನ ಹೆಸರಿನ ಕೆಳಗೆ ಥರ್ಮಲ್ ಥ್ರಾಟಲ್ ಎಂಬ ಕೋಶವಿದ್ದು, ಅದರಲ್ಲಿ ಕೋರಿನ ಎಣಿಕೆ ಮತ್ತು ಇಡೀ ಪ್ಯಾಕೇಜಿನ ಎಣಿಕೆ ಬೇರೆ ಬೇರೆ ಇರುತ್ತವೆ. ಕ್ಷಣಿಕ ಘಟನೆಗಳನ್ನು ಹೊಸ ಕರ್ನಲ್‌ಗಳು ಸಂದೇಶವಾಗಿ ಬರೆಯದೆ ಬಿಡುವುದುಂಟು. ಆದ್ದರಿಂದ ಡಿಮೆಸೇಜಿನಲ್ಲಿ ಏನೂ ಇಲ್ಲವೆಂದು ಸಮಾಧಾನಪಟ್ಟುಕೊಳ್ಳದೆ ಈ ಎಣಿಕೆಯನ್ನೇ ನೋಡುವುದು ಒಳ್ಳೆಯದು. ಟಾಪ್ ಆಜ್ಞೆಗೆ ಇದಾವುದೂ ಕಾಣುವುದಿಲ್ಲ, 2.1ರಲ್ಲಿ ಓಡುವ ಕೋರೂ 3.6ರಲ್ಲಿ ಓಡುವ ಕೋರೂ ಅದರ ಪಾಲಿಗೆ ನೂರಕ್ಕೆ ನೂರು ದುಡಿಯುತ್ತಿರುವ ಕೋರುಗಳೇ.

ಹೀಟ್‌ಸಿಂಕನ್ನು ಬಿಚ್ಚಿದಾಗ ಫ್ಯಾನಿನ ಕೆಳಗೆ ಕಂದು ಬಣ್ಣದ ಹೊಟ್ಟು ದಪ್ಪನಾಗಿ ಕಟ್ಟಿಕೊಂಡು ರೆಕ್ಕೆಗಳ ನಡುವಿನ ಸಂದು ಬಹುತೇಕ ಮುಚ್ಚಿಹೋಗಿತ್ತು. ಅದು ನಿರೀಕ್ಷಿತವೇ. ನಿರೀಕ್ಷಿಸದಿದ್ದದ್ದು ಒಂದು ಮೂಲೆಯ ಪಿನ್ನು. ಈ ಬಗೆಯ ಕೂಲರನ್ನು ಮದರ್‌ಬೋರ್ಡಿಗೆ ಹಿಡಿಯುವುದು ನಾಲ್ಕು ಪ್ಲಾಸ್ಟಿಕ್ ಪಿನ್ನುಗಳು. ಒತ್ತಿದಾಗ ಬಿಳಿಯ ಸೀಳುಗಾಲು ರಂಧ್ರ ದಾಟಿ, ಅದರ ನಡುವೆ ಕಪ್ಪು ಕಡ್ಡಿ ಇಳಿದು, ಕಾಲನ್ನು ಅಗಲಿಸಿ ಕಚ್ಚಿಸಬೇಕು. ಮೂರು ಕಚ್ಚಿದ್ದವು, ನಾಲ್ಕನೆಯದರ ಒಂದು ಸೀಳು ರಂಧ್ರದೊಳಗೇ ಮಡಚಿಕೊಂಡಿತ್ತು. ಮೇಲಿನಿಂದ ನೋಡಿದರೆ ನಾಲ್ಕೂ ಒಂದೇ ರೀತಿ ಕಾಣುತ್ತವೆ. ಬೋರ್ಡಿನ ಹಿಂಬದಿಯಿಂದ ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಆ ಮೂಲೆಯ ಕಡೆ, ಪ್ರೊಸೆಸರಿನಿಂದ ಕೂಲರಿಗೆ ಶಾಖ ದಾಟಿಸುವ ಪೇಸ್ಟು ದಪ್ಪವಾಗಿ, ಒಣಗಿ, ಬಿರುಕುಬಿಟ್ಟಿತ್ತು. ಎದುರು ಮೂಲೆಯಲ್ಲಿ ತೆಳುವಾಗಿ ಹರಡಿತ್ತು. ಕೂಲರ್ ವಾಲಿ ಕೂತಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎರಡೂ ಕಡೆ ಒರೆಸಿ, ನಡುವೆ ಒಂದು ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಮಡಚಿದ ಪಿನ್ನನ್ನು ಬದಲಿಸಿ, ಎದುರುಬದುರು ಮೂಲೆಗಳನ್ನು ಒಂದಾದ ಮೇಲೊಂದರಂತೆ ಒತ್ತಿದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅತಿ ವೇಗಕ್ಕೆ ಬೇರಿಂಗ್ ಹಾಳಾಗುತ್ತದೆ. ಪವರ್ ಸಪ್ಲೈಯನ್ನು ಹೊರಗಿನಿಂದಲೇ ಊದಿದೆ. ಅದರೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ತನ್ನು ಹಿಡಿದಿಟ್ಟಿರಬಹುದಾದ್ದರಿಂದ ಅದನ್ನು ಬಿಚ್ಚುವುದು ಅಂಗಡಿಯ ಮೇಜಿನ ಮೇಲೆ ಮಾಡುವ ಕೆಲಸವಲ್ಲ. ಯಂತ್ರವನ್ನು ನೆಲದಿಂದ ಎತ್ತಿ, ಗೋಡೆಯಿಂದ ಈಚೆಗೆ, ಸ್ಟೂಲಿನ ಮೇಲೆ ಇಟ್ಟಾಯಿತು. ಅದೇ ಹೊರೆಯಲ್ಲಿ, ಅದೇ 40 ಡಿಗ್ರಿಯ ಕೋಣೆಯಲ್ಲಿ ತಾಪ 82ಕ್ಕೆ ಬಂದು ನಿಂತಿತು, ವೇಗ 3.2ಕ್ಕಿಂತ ಮೇಲೆಯೇ ಉಳಿಯಿತು. ಥ್ರಾಟಲ್ ಎಣಿಕೆ ಏರುವುದು ನಿಂತಿತು.

ಹದಿನಾರರ ಲೆಕ್ಕ

ಅಂಚಿನಲ್ಲಿ ಬರೆದುಕೊಂಡಿದ್ದ ಪ್ರಶ್ನೆ ಉಳಿದಿತ್ತು. ನಾಲ್ಕು ಪುಟಗಳನ್ನು ಕೊಟ್ಟರೆ ಸರದಿಯಲ್ಲಿ ಹದಿನಾರು ಕಾಣುವುದು ಏಕೆ? ಟೆಸರಾಕ್ಟ್ 2018ರ 4ನೆಯ ಆವೃತ್ತಿಯಿಂದ ನರಜಾಲ ಆಧಾರಿತ ಗುರುತಿಸುವಿಕೆಯನ್ನು ಬಳಸುತ್ತದೆ, ಮತ್ತು ಆ ಲೆಕ್ಕವನ್ನು ಓಪನ್‌ಎಂಪಿ ಎಂಬ ವ್ಯವಸ್ಥೆಯ ಮೂಲಕ ಏಕಕಾಲಕ್ಕೆ ಓಡುವ ಹಲವು ಎಳೆಗಳಿಗೆ, ಅಂದರೆ ಥ್ರೆಡ್‌ಗಳಿಗೆ ಹಂಚುತ್ತದೆ. ಒಂದೇ ಪುಟ ಬೇಗ ಮುಗಿಯಬೇಕೆಂದಿದ್ದರೆ ಇದು ಉಪಯುಕ್ತ. ಆದರೆ ಅಂಗಡಿಯ ಸ್ಕ್ರಿಪ್ಟು ಎಕ್ಸ್‌ಆರ್ಗ್ಸ್ ಆಜ್ಞೆಯಿಂದ ನಾಲ್ಕು ಟೆಸರಾಕ್ಟುಗಳನ್ನು ಒಟ್ಟಿಗೆ ಹೊರಡಿಸುತ್ತಿತ್ತು. ಪ್ರತಿಯೊಂದೂ ಯಂತ್ರ ತನ್ನೊಬ್ಬನದೇ ಎಂದು ತಿಳಿದು ನಾಲ್ಕು ಥ್ರೆಡ್ ತೆರೆಯುತ್ತಿತ್ತು. ನಾಲ್ಕು ಕೋರುಗಳ ಮೇಲೆ ಹದಿನಾರು ಥ್ರೆಡ್‌ಗಳು.

ಇಷ್ಟೇ ಆಗಿದ್ದರೆ ನಷ್ಟ ಸಹನೀಯವಾಗಿರುತ್ತಿತ್ತು. ಒಂದು ಹಂತದ ಲೆಕ್ಕ ಮುಗಿಸಿದ ಥ್ರೆಡ್, ಉಳಿದ ಮೂರು ಬರುವವರೆಗೆ ಕೂಡಲೇ ನಿದ್ರೆಗೆ ಹೋಗುವುದಿಲ್ಲ. ಜಿಎನ್‌ಯು ಸಂಕಲಕದ ಓಪನ್‌ಎಂಪಿ ಸಂಗ್ರಹದಲ್ಲಿ ಅದು ಸ್ವಲ್ಪ ಕಾಲ ಕೋರನ್ನು ಬಿಡದೆ "ಬಂದರೇ, ಬಂದರೇ" ಎಂದು ಸುಮ್ಮನೆ ಸುತ್ತುತ್ತಾ ಕಾಯುತ್ತದೆ. ಬರಬೇಕಾದ ಥ್ರೆಡ್‌ಗಳಿಗೆ ಕೋರೇ ಸಿಕ್ಕಿರುವುದಿಲ್ಲ, ಏಕೆಂದರೆ ಅದನ್ನು ಕಾಯುವವರು ಹಿಡಿದು ಕೂತಿರುತ್ತಾರೆ. ಪರ್ಫ್ ಟಾಪ್ ಆಜ್ಞೆ ಓಡಿಸಿದಾಗ ಪಟ್ಟಿಯ ತುದಿಯಲ್ಲಿ ಅಕ್ಷರ ಗುರುತಿಸುವ ಲೆಕ್ಕದ ಜೊತೆಗೇ ಲಿಬ್‌ಗಾಂಪ್ ಎಂಬ ಆ ಸಂಗ್ರಹದ ಹೆಸರು ಕಂಡಿತು. ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿದೆ ಎಂದು ಟಾಪ್ ಹೇಳಿದ್ದರಲ್ಲಿ ದೊಡ್ಡ ಪಾಲು ಈ ಕಾಯುವ ದುಡಿಮೆಯೇ ಆಗಿತ್ತು, ಮತ್ತು ಅದಕ್ಕೂ ವಿದ್ಯುತ್ತು ಖರ್ಚಾಗುತ್ತದೆ, ಅದರಿಂದಲೂ ಶಾಖ ಹುಟ್ಟುತ್ತದೆ.

ಪರಿಹಾರ ಸ್ಕ್ರಿಪ್ಟಿನ ಮೊದಲಿಗೆ ಒಂದು ಸಾಲು: ಒಎಂಪಿ, ಥ್ರೆಡ್, ಲಿಮಿಟ್ ಎಂಬ ಮೂರು ಪದಗಳನ್ನು ದೊಡ್ಡಕ್ಷರದಲ್ಲಿ ಬರೆದು, ನಡುವೆ ಅಡಿಗೆರೆ ಹಾಕಿ, ಆ ಪರಿಸರ ಚರಾಂಶದ ಬೆಲೆಯನ್ನು 1 ಎಂದು ಕೊಡುವುದು. ಪುಟಕ್ಕೊಂದು ಥ್ರೆಡ್, ಕೋರಿಗೊಂದು ಪುಟ. ಲೋಡ್ ಸರಾಸರಿ ನಾಲ್ಕರ ಹತ್ತಿರಕ್ಕೆ ಇಳಿಯಿತು. ಅದೇ ಪುಸ್ತಕದ ಅದೇ ಪುಟಗಳು ಹೆಚ್ಚುಕಡಿಮೆ ಅರ್ಧ ಸಮಯದಲ್ಲಿ ಮುಗಿದವು. ಹಣ ಖರ್ಚಾಗದ ಈ ಒಂದು ಸಾಲು, ಹೀಟ್‌ಸಿಂಕು ಮತ್ತು ಕೇಬಲ್ಲು ಎರಡೂ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚು ವೇಗ ಕೊಟ್ಟಿತು ಎಂಬುದನ್ನು ಮಾಲೀಕರು ಬಹಳ ಹೊತ್ತು ನಂಬಲಿಲ್ಲ. ಆದರೆ ಯಂತ್ರಾಂಶದ ಎರಡು ದೋಷಗಳು ಹೋಗದೆ ಇದನ್ನು ಸ್ವಚ್ಛವಾಗಿ ಅಳೆಯುವುದೂ ಸಾಧ್ಯವಿರಲಿಲ್ಲ, ಏಕೆಂದರೆ ಮೊದಲು ಎರಡು ಓಟಗಳ ನಡುವಿನ ವ್ಯತ್ಯಾಸ ಸಾಲಿನದೋ ಬಿಸಿಲಿನದೋ ಎಂದು ಹೇಳಲಾಗುತ್ತಿರಲಿಲ್ಲ.

ಕೊನೆಯದಾಗಿ ಕಡತಗಳ ಜಾಗವನ್ನೂ ಸ್ವಲ್ಪ ಬದಲಿಸಿದೆವು. ಎ4 ಅಳತೆಯ ಪುಟವನ್ನು 300 ಡಿಪಿಐನಲ್ಲಿ, ಪೂರ್ಣ ಬಣ್ಣದಲ್ಲಿ, ಕುಗ್ಗಿಸದ ಟಿಫ್ ಆಗಿ ಉಳಿಸಿದರೆ ಅದು ಸುಮಾರು 26 ಮೆಗಾಬೈಟ್. ಮುನ್ನೂರು ಪುಟಗಳ ಪುಸ್ತಕ 8 ಜಿಬಿಯ ಹತ್ತಿರ ಬರುತ್ತದೆ, ಅಂದರೆ ಈ ಯಂತ್ರದ ಸ್ಮೃತಿ ಸಂಗ್ರಹದಲ್ಲಿ ಅದು ಇಡಿಯಾಗಿ ಹಿಡಿಸುವುದಿಲ್ಲ. ರ‍್ಯಾಮ್ ಸೇರಿಸುವ ಸಲಹೆಗೆ ಏನಾದರೂ ಬೆಲೆಯಿದ್ದರೆ ಅದು ಇಲ್ಲಿ ಮಾತ್ರ. ಅದರ ಬದಲು, ಸರದಿಯಲ್ಲಿರುವ ಪುಸ್ತಕವನ್ನು ಮೊದಲು ಎಸ್‌ಎಸ್‌ಡಿಗೆ ನಕಲಿಸಿ, ಅಲ್ಲಿಂದ ಟೆಸರಾಕ್ಟಿಗೆ ಕೊಟ್ಟು, ಮುಗಿದ ಮೇಲೆ ಅಳಿಸುವಂತೆ ಸ್ಕ್ರಿಪ್ಟನ್ನು ತಿದ್ದಿದೆ. ಸಾಂಬಾ ಮೂಲಕ ಬರುವವರಿಗೆ ಹಾರ್ಡ್ ಡಿಸ್ಕಿನ ತಲೆ ಬಿಡುವಾಗಿ ಸಿಗುತ್ತದೆ. ಟೆಸರಾಕ್ಟಿಗೆ, ಆದ್ಯತೆ ಇಳಿಸುವ ನೈಸ್ ಆಜ್ಞೆಯಿಂದ 10ರ ಬೆಲೆ ಕೊಟ್ಟಿರುವುದರಿಂದ ಮೌಸು ಕೀಬೋರ್ಡುಗಳ ಕೆಲಸಕ್ಕೆ ಮೊದಲ ಆದ್ಯತೆ.

ಫ್ಯಾನಿನ ಬೇರಿಂಗಿನಲ್ಲಿ ಈಗಾಗಲೇ ಸಣ್ಣ ಕರಕರ ಸದ್ದಿದೆ, ಹೊಸದು ಬರಬೇಕು. ಅಲ್ಲಿಯವರೆಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಆರರವರೆಗೆ ಟರ್ಬೋ ಆರಿಸಿಡುವಂತೆ ಸಿಸ್ಟಮ್‌ಡಿ ಟೈಮರ್ ಒಂದನ್ನು ಬರೆದಿದ್ದೇನೆ. ಅದು ಇಂಟೆಲ್ ಪಿ-ಸ್ಟೇಟ್ ಕೋಶದಲ್ಲಿರುವ ನೋ ಟರ್ಬೋ ಎಂಬ ಕಡತಕ್ಕೆ 1 ಎಂದು ಬರೆಯುತ್ತದೆ, ಸಂಜೆ ಮತ್ತೆ 0 ಎಂದು ಬರೆಯುತ್ತದೆ. ಹಗಲಿನಲ್ಲಿ ಯಂತ್ರ 3.2ರ ಮೇಲೆ ಹೋಗುವುದಿಲ್ಲ. ಫ್ಯಾನ್ ಬದಲಿಸಿದ ಮೇಲೆ ಈ ಟೈಮರನ್ನು ತೆಗೆದು, ಥ್ರಾಟಲ್ ಎಣಿಕೆಯನ್ನೂ ಡಿಸ್ಕಿನ 199ನೆಯ ಸಾಲನ್ನೂ ಇನ್ನೊಮ್ಮೆ ನೋಡುವುದು ಬಾಕಿಯಿದೆ.